ಹನ್ನೊಂದನೆಯ ಆರೋಗ್ಯವಂತೆ

ರಕ್ತದೊತ್ತಡದ ಯಂತ್ರ ನೂರಾ ನಲವತ್ತೆಂಟು ಎಂದು ತೋರಿಸಿತು. ಮಂಚದ ಅಂಚಿನಲ್ಲಿ ಎಡತೋಳು ಚಾಚಿ ಕುಳಿತಿದ್ದ ಅವಳು, ಈಗಷ್ಟೇ ಹಾಲು ತರಲು ಹೋಗಿ ಮೂರು ಮಹಡಿ ಹತ್ತಿ ಬಂದದ್ದಕ್ಕೆ ಇರಬೇಕು ಅಂದುಕೊಂಡಳು. ನಿನ್ನೆ ನೂರಾ ನಲವತ್ತನಾಲ್ಕು ಇತ್ತು; ನಿನ್ನೆ ಮೆಟ್ಟಿಲು ಹತ್ತಿರಲಿಲ್ಲ, ಆದರೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಮೊನ್ನೆ ನೂರಾ ಐವತ್ತು. ಮೊನ್ನೆಯ ನೆಪ ಈಗ ನೆನಪಾಗಲಿಲ್ಲ, ಏನೋ ಒಂದು ಇದ್ದೇ ಇತ್ತು. ನೆಪ ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ತೋಳಿನ ಪಟ್ಟಿ ಬಿಚ್ಚಿ, ಸುತ್ತಿ, ಯಂತ್ರವನ್ನು ಕಪಾಟಿನಲ್ಲಿ ಟವಲುಗಳ ಹಿಂದೆ ಇಟ್ಟಳು. ಆರು ವರ್ಷದಿಂದ ಅದರ ಜಾಗ ಅದೇ, ಹೊತ್ತೂ ಅದೇ, ಮಗಳು ಏಳುವುದಕ್ಕೆ ಮುಂಚಿನ ಕಾಲು ಗಂಟೆ. ಯಂತ್ರಕ್ಕೆ ಮೂರು ಗುಂಡಿಗಳಿದ್ದವು. ಅವಳು ಒತ್ತುತ್ತಿದ್ದದ್ದು ನಡುವಿನ ದೊಡ್ಡ ಗುಂಡಿ ಮಾತ್ರ. ಉಳಿದೆರಡು ಯಾಕೆ ಎಂದು ತಿಳಿಸುವ ಪುಸ್ತಕವನ್ನು, ಮಗಳ ಕಣ್ಣಿಗೆ ಬಿದ್ದೀತೆಂದು, ಕೊಂಡ ದಿನವೇ ಡಬ್ಬದ ಜೊತೆಗೆ ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದಿದ್ದಳು. ಇವತ್ತು ಯಂತ್ರವನ್ನು ಹೊರಗೆ ತೆಗೆದಾಗ ಪಟ್ಟಿಯ ರಬ್ಬರು ಕೊಳವೆ ಒಳಗಡೆಗೆ ಸೇರಿಕೊಂಡಿತ್ತು. ಅವಳು ಯಾವಾಗಲೂ ಕೊಳವೆಯನ್ನು ಹೊರಗೆ ಬಿಟ್ಟು ಸುತ್ತುತ್ತಾಳೆ. ಎಲ್ಲೋ ಧ್ಯಾನ ಇಟ್ಟುಕೊಂಡು ತಾನೇ ನಿನ್ನೆ ಹಾಗೆ ಸುತ್ತಿರಬೇಕು ಎಂದುಕೊಂಡು ಕಪಾಟು ಮುಚ್ಚಿದಳು.

ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಅವಳಿಗೆ ನೆಲದ ಕಡೆ ನೋಡುವುದು ಬೇಡವಾಗಿತ್ತು. ಅಮ್ಮ ಹೀಗೇ ಹಾಲಿನ ಮುಂದೆ ನಿಂತವಳು ಇದ್ದಕ್ಕಿದ್ದ ಹಾಗೆ ಕುಸಿದು ನೆಲದಲ್ಲಿ ಕೂತುಬಿಡುತ್ತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು, ಕುತ್ತಿಗೆಯಿಂದ ಬೆವರು ಇಳಿದು ರವಿಕೆ ಒದ್ದೆಯಾಗಿ, ಎರಡೂ ಕೈ ಎದೆಯ ಮೇಲೆ. ಕಾಲು ಗಂಟೆ ಕಳೆದರೆ ಏನೂ ಆಗದವಳಂತೆ ಎದ್ದು, ಉಕ್ಕಿದ ಹಾಲನ್ನು ಒರೆಸುತ್ತಿದ್ದಳು. ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದು ಅಪ್ಪ ಮೂಗು ಮುರಿಯುತ್ತಿದ್ದ. ಹದಿಮೂರು ವರ್ಷದವಳಾಗಿದ್ದ ತಾನೂ ಒಂದು ಸಲ, ಗೆಳತಿಯರು ಮನೆಗೆ ಬಂದಿದ್ದಾಗ, ಬಾಗಿಲಲ್ಲಿ ನಿಂತು, ಸಾಕು ಏಳಮ್ಮ ನಾಟಕ ಎಂದಿದ್ದಳು. ಅಮ್ಮ ತಲೆ ಎತ್ತಿ ನೋಡಿ, ಹೂಂ ಎಂದು, ಏಳಲು ಹೋಗಿ ಆಗದೆ ಮತ್ತೆ ಕೂತಿದ್ದಳು. ಗೆಳತಿಯರು ನಕ್ಕಿದ್ದರು. ಆಮೇಲೆ ಎರಡೇ ವರ್ಷಕ್ಕೆ, ಮುರಿದ ಮಣಿಕಟ್ಟು ಸರಿಮಾಡಿಸಲೆಂದು ಆಸ್ಪತ್ರೆಗೆ ಹೋದ ಅಮ್ಮ ಅರಿವಳಿಕೆ ಕೊಟ್ಟ ಮೇಲೆ ಮೇಲೇಳಲೇ ಇಲ್ಲ. ಹೆದರಿ ಸತ್ತಳು ಎಂದು ಮನೆಯವರೆಲ್ಲ ಮಾತಾಡಿಕೊಂಡರು. ಮಣಿಕಟ್ಟು ಮುರಿದು ಯಾರಾದರೂ ಸಾಯುತ್ತಾರೆಯೇ ಎಂದು ಯಾರೂ ಕೇಳಲಿಲ್ಲ, ಕೇಳುವಷ್ಟು ಬೆಲೆ ಅಮ್ಮನಿಗೆ ಆ ಮನೆಯಲ್ಲಿ ಇರಲೂ ಇಲ್ಲ.

"ಮುಖ ಯಾಕಮ್ಮ ಹಿಂಗಿದೆ?" ಎಂದಳು ಮಗಳು. ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿರುವ ಇಪ್ಪತ್ತರ ಹುಡುಗಿ. ಹೆಗಲಿಗೆ ನಕ್ಷೆಗಳನ್ನು ಸುತ್ತಿಡುವ ಉದ್ದನೆಯ ಕೊಳವೆ ಆಗಲೇ ಏರಿತ್ತು. ಮನೆಯಲ್ಲಿ ಇರುವುದು ಇವರಿಬ್ಬರೇ. ಗಂಡ ಎನ್ನಿಸಿಕೊಂಡವನು ಹುಡುಗಿಗೆ ಐದು ತುಂಬುವ ಮೊದಲೇ ಬೇರೆ ಊರು, ಬೇರೆ ಮನೆ ನೋಡಿಕೊಂಡಿದ್ದ.

"ನಿದ್ದೆ ಇಲ್ಲ, ಅಷ್ಟೇ."

"ನಿಂಗೆ ಯಾವತ್ತು ನಿದ್ದೆ ಇತ್ತು ಹೇಳು," ಎಂದು ನಕ್ಕ ಮಗಳು ಬ್ರೆಡ್ಡು ಕಚ್ಚಿ, ಎಡಗೈಯ ಹಿಂಭಾಗದಿಂದ ಹಣೆ ಒರೆಸಿಕೊಂಡಳು. ಕಿಟಕಿ ತೆರೆದಿತ್ತು, ಹೊರಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ತಾಯಿ ನೋಡಿದ್ದನ್ನು ಮಗಳು ನೋಡಿದಳು. ಇಬ್ಬರೂ ಕಣ್ಣು ತಪ್ಪಿಸಿ ಬ್ರೆಡ್ಡಿನ ತಟ್ಟೆಯನ್ನು ನೋಡಿದರು.

"ಮಧ್ಯಾಹ್ನ ಬೇಗ ಬರ್ತೀಯಾ?"

"ಮೂರೂವರೆಗೆ. ದಿನಾ ಅಷ್ಟೊತ್ತಿಗೇ ತಾನೇ ಬರೋದು," ಎಂದು ಮಗಳು ಚಪ್ಪಲಿ ಮೆಟ್ಟಿ ಹೊರಟಳು.

ಲ್ಯಾಬು ಇದ್ದದ್ದು ಐದನೆಯ ಮಹಡಿಯಲ್ಲಿ. ಕಿಟಕಿಗಳನ್ನು ತೆರೆಯುವ ಹಾಗಿಲ್ಲ; ಯಂತ್ರಗಳಿಗೆ ಧೂಳು ಆಗುವುದಿಲ್ಲ, ಮನುಷ್ಯರಿಗೆ ಏನಿದ್ದರೂ ಆಗುತ್ತದೆ. ರಕ್ತ ತೆಗೆಯುವವರು ಕೆಳಗಿನ ಮಹಡಿಯಲ್ಲಿ, ರಕ್ತದಿಂದ ವಂಶವಾಹಿಯ ಎಳೆ ಬಿಡಿಸುವವರು ಪಕ್ಕದ ಕೋಣೆಯಲ್ಲಿ, ಬಿಡಿಸಿದ್ದನ್ನು ಓದುವ ಕೆಲಸ ಮಾತ್ರ ಅವಳದು. ಪರದೆಯ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳು ಸಾಲುಸಾಲಾಗಿ ಹರಿಯುತ್ತವೆ. ಎಲ್ಲಿ ಇರಬೇಕಾದ ಅಕ್ಷರ ಇಲ್ಲ, ಅದರ ಜಾಗದಲ್ಲಿ ಯಾವುದು ಬಂದು ಕೂತಿದೆ, ಕೂತದ್ದು ಉಪದ್ರವಿಯೋ ನಿರುಪದ್ರವಿಯೋ ಎಂದು ಅವಳು ಹೇಳಬೇಕು. ಹದಿನೆಂಟು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದದ್ದಕ್ಕೆ ಲ್ಯಾಬಿನವರೆಲ್ಲ ಅವಳನ್ನು ಅಕ್ಷರಮ್ಮ ಎಂದು ಕರೆಯುತ್ತಿದ್ದರು. ಮೊದಲು ತಮಾಷೆಗೆ ಶುರುವಾದದ್ದು, ಈಗ ಲಿಫ್ಟಿನವನೂ ಗೌರವದಿಂದ ಹಾಗೇ ಕರೆಯುತ್ತಾನೆ.

ಲ್ಯಾಬು ಶುರುವಾದ ವರ್ಷ ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಾಗಿತ್ತು. ಹೊರಗಿನವರು ಯಾರು ಸುಮ್ಮನೆ ಬಂದು ಚುಚ್ಚಿಸಿಕೊಳ್ಳುತ್ತಾರೆ? ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎನ್ನುತ್ತಿದ್ದವರು, ಒಂದು ಉಪಾಯ ಹೂಡಿದರು. ಉದ್ಘಾಟನೆಯ ದಿನ ಡ್ರೈವರನಿಂದ ಹಿಡಿದು ತಮ್ಮವರೆಗೆ ಕೆಲಸದವರೆಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋಳು ಮಡಚಿಸಿದರು. ಇಪ್ಪತ್ತನಾಲ್ಕು ಜನ. ರಕ್ತ ಕೊಟ್ಟವರಿಗೆ ಒಂದೊಂದು ತುಂಡು ಕೇಕು. ಹೆಸರು ಬರೆಯುವ ಹಾಗಿಲ್ಲ, ಬರೀ ನಂಬರು. ಆದರೆ ನಂಬರು ಕೊಟ್ಟದ್ದು ನಿಂತ ಸಾಲಿನ ಪ್ರಕಾರ, ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿದ್ದರು ಎಂಬುದು ಯಾರಿಗೆ ತಾನೇ ಮರೆತೀತು. ಅವಳು ಹನ್ನೊಂದು. ಅವಳು ಕಳಚಿ ಕೊಟ್ಟ ಸ್ವೆಟರನ್ನು ಹಿಡಿದುಕೊಂಡು ಹಿಂದೆ ನಿಂತಿದ್ದವರು ದೊಡ್ಡವರೇ, ಹನ್ನೆರಡು. ಅವತ್ತಿನಿಂದ ಆ ಇಪ್ಪತ್ತನಾಲ್ಕು ಜನರ ಅಕ್ಷರಗಳಿಗೆ 'ನಮ್ಮವರ ಪಟ್ಟಿ' ಎಂದು ಹೆಸರಾಯಿತು. ರೋಗಿಯಲ್ಲಿ ಕಂಡ ಬದಲಾವಣೆ ನಮ್ಮವರಲ್ಲೂ ಇದ್ದರೆ ಅದರಿಂದ ಅಪಾಯವಿಲ್ಲ, ಯಾಕೆಂದರೆ ನಮ್ಮವರು ಕಣ್ಣೆದುರಿಗೇ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ. "ನಮ್ಮವರಲ್ಲಿ ಇದೆಯಾ? ಹಾಗಾದ್ರೆ ಬಿಡಿ ಅತ್ಲಾಗೆ," ಎಂದು ದೊಡ್ಡವರು ಹೇಳುತ್ತಿದ್ದ ಮಾತು ಲ್ಯಾಬಿನ ಶಾಸನವೇ ಆಗಿಬಿಟ್ಟಿತ್ತು. ಇಪ್ಪತ್ತನಾಲ್ಕು ಜನರ ಆರೋಗ್ಯದ ಮೇಲೆ ಸಾವಿರಾರು ಜನರ ಭವಿಷ್ಯ ನಿಂತಿದೆ ಎಂಬುದು ಅವರಿಗೆ ಹೆಮ್ಮೆಯ ವಿಷಯವಾಗಿತ್ತು.

ಆರು ವರ್ಷದ ಹಿಂದೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಒಬ್ಬನ ರಕ್ತ ಬಂದಿತ್ತು. ಹೊಟ್ಟೆಯಿಂದ ಒಂದು ಗಂಟು ತೆಗೆದಿದ್ದರು. ಇದು ವಂಶದಲ್ಲಿ ಬಂದದ್ದೋ ಎಂದು ವೈದ್ಯರು ಕೇಳಿದ್ದರು. ಓದಬೇಕಾಗಿದ್ದದ್ದು ಒಂದೇ ವಂಶವಾಹಿ. ಹೆಸರು ಉದ್ದ, ಲ್ಯಾಬಿನಲ್ಲಿ ಎಲ್ಲರೂ ಅದನ್ನು ಬಿ ಎಂದಷ್ಟೇ ಕರೆಯುತ್ತಿದ್ದರು. ಜೀವಕೋಶದೊಳಗೆ ಅನ್ನವನ್ನು ಗಾಳಿಯಲ್ಲಿ ಉರಿಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಗಳಿವೆಯಲ್ಲ, ಅಲ್ಲಿ ಕೆಲಸ ಮಾಡುವ ಒಂದು ಕಿಣ್ವದ ತುಂಡನ್ನು ಹೇಗೆ ಕಟ್ಟಬೇಕೆಂದು ಬಿ ಹೇಳಿಕೊಡುತ್ತದೆ. ಕಿಣ್ವ ಕೆಟ್ಟರೆ ಕೋಶಕ್ಕೆ ಒಂದು ಭ್ರಮೆ ಹಿಡಿಯುತ್ತದೆ. ಸುತ್ತಲೂ ಬೇಕಾದಷ್ಟು ಗಾಳಿ ಇದ್ದೂ ತಾನು ಉಸಿರುಗಟ್ಟಿ ಸಾಯುತ್ತಿದ್ದೇನೆ ಎಂದುಕೊಂಡು, ಬದುಕುವ ಆತುರದಲ್ಲಿ ಬೆಳೆಯತೊಡಗುತ್ತದೆ, ಬೆಳೆದು ಬೆಳೆದು ಗಂಟಾಗುತ್ತದೆ. ಆ ಗಂಟು ಆಗಾಗ ರಕ್ತದೊತ್ತಡ ಏರಿಸುವ ರಸವನ್ನು ಮೈಗೆ ಸುರಿಯುತ್ತದೆ, ಆಗ ಎದೆ ಹೊಡೆದುಕೊಂಡು ಬೆವರು ಇಳಿಯುತ್ತದೆ; ಗಂಟು ಇರುವುದು ತಿಳಿಯದೆ ಅರಿವಳಿಕೆ ಕೊಟ್ಟರೆ ಜೀವವೇ ಹೋಗಬಹುದು. ಗಾಜಿನವನ ಬಿ ಯಲ್ಲಿ ಒಂದು ಅಕ್ಷರ ಬದಲಾಗಿತ್ತು. ದೂರದ ಯಾವುದೋ ಲ್ಯಾಬಿನವರು ಒಂದು ಕುಟುಂಬದ ಮೂವರಲ್ಲಿ ಅದೇ ಅಕ್ಷರವನ್ನೂ ಅದೇ ಗಂಟನ್ನೂ ಕಂಡು ಬರೆದಿದ್ದರು. ಅವಳು ಎಂದಿನ ಅಭ್ಯಾಸದಂತೆ ನಮ್ಮವರ ಪಟ್ಟಿಯನ್ನು ತೆರೆದಳು. ಇಪ್ಪತ್ತನಾಲ್ಕರಲ್ಲಿ ಒಬ್ಬರಿಗೆ ಇದೆ ಎಂದು ತೋರಿಸಿತು. ನಂಬರು ಹನ್ನೊಂದು.

ಆ ಮಧ್ಯಾಹ್ನ ಅವಳು ಎಷ್ಟು ಹೊತ್ತು ಪರದೆಯ ಮುಂದೆ ಕೂತಿದ್ದಳೋ ಅವಳಿಗೇ ಗೊತ್ತಿಲ್ಲ. ಕಣ್ಣ ಮುಂದೆ ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತಿದ್ದಳು. ಹದಿನಾಲ್ಕು ವರ್ಷದ ಮಗಳು ಶಾಲೆಯಲ್ಲಿದ್ದಳು. ಈ ಅಕ್ಷರ ಇದ್ದವರಿಗೆಲ್ಲ ಗಂಟು ಬರುವುದಿಲ್ಲ, ಕೆಲವರು ಮುದುಕರಾಗುವ ತನಕ ಚೆನ್ನಾಗಿಯೇ ಇರುತ್ತಾರೆ, ಹಾಗಾಗಿ ಒಬ್ಬರು ಚೆನ್ನಾಗಿದ್ದಾರೆ ಎಂಬುದು ಸಾಕ್ಷಿಯೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇರೆಯವರಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಆದರೂ ಎದ್ದು ಹೋಗಿ ಕೈ ತೊಳೆಯುವ ಕೋಣೆಯ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಮುಖ ಚೆನ್ನಾಗಿಯೇ ಇತ್ತು. ಹಿಂದಿರುಗಿ ಬಂದು, ಆರೋಗ್ಯವಂತರಲ್ಲೂ ಕಂಡುಬಂದಿದೆ, ನಿರುಪದ್ರವಿ ಎಂದು ಟೈಪು ಮಾಡಿದಳು. ಲ್ಯಾಬಿನ ಪದ್ಧತಿಯ ಪ್ರಕಾರ ಅಲ್ಲಿಗೆ ವರದಿ ಮುಗಿಯುತ್ತಿತ್ತು. ಅವಳ ಬೆರಳು ನಿಲ್ಲಲಿಲ್ಲ. ಮನೆಯವರನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದು ಇನ್ನೊಂದು ಸಾಲು ಸೇರಿಸಿದಳು. ಆ ಸಾಲು ಯಾವ ನಮೂನೆಯಲ್ಲೂ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಅದನ್ನು ಅವಳು ಗಾಜಿನವನಿಗಾಗಿ ಬರೆಯಲಿಲ್ಲ. ದೊಡ್ಡವರು ಒಂದು ಸಲ ಓದಿ, ಒಂದು ಸಲ ಅವಳ ಮುಖ ನೋಡಿ, ಸಹಿ ಹಾಕಿದರು. ಅವತ್ತು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಗೆ ನುಗ್ಗಿ ರಕ್ತದೊತ್ತಡ ಅಳೆಯುವ ಯಂತ್ರ ಕೊಂಡಳು.

ಇವತ್ತು ಹನ್ನೊಂದು ಗಂಟೆಗೆ ಕೌಂಟರಿನವಳು ಫೋನು ಮಾಡಿದಳು. "ಅಕ್ಷರಮ್ಮ, ಯಾರೋ ಹಳೇ ರಿಪೋರ್ಟು ಹಿಡ್ಕೊಂಡು ಬಂದಿದ್ದಾರೆ. ಅದರ ಮೇಲೆ ಸೀಲು ಬೇಕಂತೆ. ಎಷ್ಟು ಹೇಳಿದ್ರೂ ಕೇಳ್ತಿಲ್ಲ, ನೀವೇ ಬಂದು ಮಾತಾಡಿ."

ಕೌಂಟರಿನ ಪಕ್ಕದಲ್ಲಿ ಜನರ ಜೊತೆ ಮಾತಾಡಲೆಂದೇ ಒಂದು ಸಣ್ಣ ಕೋಣೆ. ಎರಡು ಕುರ್ಚಿ, ಒಂದು ಮೇಜು, ಅದರ ಮೇಲೆ ಅಳುವವರಿಗಾಗಿ ಕಾಗದದ ಕರವಸ್ತ್ರದ ಡಬ್ಬ. ಬಂದವಳಿಗೆ ನಲವತ್ತರ ಮೇಲೆ. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಪುಸ್ತಕ ಬೈಂಡು ಮಾಡುವ ಕೆಲಸ ಎಂದು ತಾನಾಗಿ ಹೇಳಿದಳು. ಪ್ಲಾಸ್ಟಿಕ್ಕು ಹಾಕಿಸಿದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದಳು. ತಾನೇ ಬರೆದ ವರದಿ; ಅವಳು ಅದನ್ನು ಓದಬೇಕಾಗಿರಲಿಲ್ಲ.

"ನಮ್ಮಣ್ಣಂದು," ಎಂದಳು ಬೈಂಡಿನವಳು. "ಕನ್ನಡಕದ ಅಂಗಡೀಲಿ ಗಾಜು ಉಜ್ಜೋನು. ಹೋಗಿ ಎರಡು ವರ್ಷ ಆಯ್ತು ಮೇಡಂ. ಗಂಟು ಮತ್ತೆ ಬಂತು, ಬೆನ್ನುಮೂಳೆಗೆ ಇಳೀತು. ಯಾರೂ ನೋಡ್ತಾನೇ ಇರ್ಲಿಲ್ಲ, ಏನೂ ಇಲ್ಲ ಅಂತ ಬರೆದಿದ್ರಲ್ಲ, ಅದಕ್ಕೆ. ಹೋಗ್ಲಿ ಬಿಡಿ, ಅವನ ಹಣೇಲಿ ಇದ್ದದ್ದು. ಆದ್ರೆ ಈ ಹಾಳೆ ಅವನಿಗೆ ದೊಡ್ಡ ಧೈರ್ಯ ಕೊಡ್ತು ನೋಡಿ. ಕೊನೆಕೊನೆಗೆ ಕಣ್ಣು ಮಂಜಾಗಿತ್ತು, ನನ್ನ ಕೈಲಿ ಓದಿಸಿ ಕೇಳೋನು. ಈ ಕೊನೇ ಸಾಲನ್ನ ಎರಡೆರಡು ಸಲ ಓದಿಸೋನು. ನಂದು ನನಗೇ ಮುಗೀತು, ನಿಮಗೆಲ್ಲ ಇಲ್ಲ ಅಂತ ನಗೋನು."

"ಈಗ ನೀವು ಬಂದದ್ದು?"

ಬೈಂಡಿನವಳು ಸೆರಗು ಸರಿಸಿ ಕುತ್ತಿಗೆಯ ಎಡಗಡೆ ತೋರಿಸಿದಳು. ಕಿವಿಯ ಕೆಳಗೆ ಒಂದು ಉಬ್ಬು. "ಡಾಕ್ಟ್ರು ನನಗೂ ಅದೇ ಪರೀಕ್ಷೆ ಮಾಡಿಸು ಅಂತಾರೆ, ಮಕ್ಕಳಿಗೂ ಮಾಡಿಸು ಅಂತಾರೆ. ಅಗತ್ಯ ಇಲ್ಲ ಅಂತ ಬರೆದಿದ್ದಾರೆ ಅಂದೆ. ಹಾಗಾದ್ರೆ ಲ್ಯಾಬಿನವರ ಕೈಲಿ ಮತ್ತೆ ಬರೆಸ್ಕೊಂಡು ಬಾ ಅಂದ್ರು. ಇದರ ಮೇಲೆ ಇವತ್ತಿನ ತಾರೀಕು ಹಾಕಿ ಒಂದು ಸೀಲು ಒತ್ತಿ ಕೊಡಿ, ಸಾಕು. ಎರಡು ಮಕ್ಕಳು ಮೇಡಂ. ಅವಕ್ಕೆ ಸುಮ್ನೆ ಯಾಕೆ ಚುಚ್ಚಿಸೋದು."

"ಪರೀಕ್ಷೆ ಮಾಡಿಸ್ಕೊಳ್ಳಿ," ಎಂದಳು ಅವಳು. ತನ್ನ ದನಿ ಬೇರೆ ಕೋಣೆಯಿಂದ ಬಂದಂತೆ ಕೇಳಿಸಿತು.

"ಬರೆದಿದ್ದಾರಲ್ಲ."

"ಆಗ ಗೊತ್ತಿದ್ದದ್ದು ಅಷ್ಟೇ. ಈಗ ಹೊಸದಾಗಿ ತಿಳಿದಿದೆ."

"ಅಕ್ಷರ ಬದಲಾಗಿದೆಯಾ?"

"ಇಲ್ಲ. ಅಕ್ಷರ ಅದೇ."

ಬೈಂಡಿನವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಪುಟ ಎಣಿಸುವಾಗ ಲೆಕ್ಕ ತಪ್ಪಿದವರ ಗೊಂದಲ ಮಾತ್ರ ಇತ್ತು. "ಇದನ್ನ ಬರೆದವರು ಯಾರು ಮೇಡಂ? ಅವರು ಇದ್ದಾರಾ? ಅವರನ್ನೇ ಒಂದು ಮಾತು ಕೇಳ್ಬಹುದಿತ್ತು."

"ಅವರು ಈಗ ಇಲ್ಲಿಲ್ಲ," ಎಂದುಬಿಟ್ಟಳು.

ಹೇಳಿ ಮುಗಿಸುವ ಮೊದಲೇ ಎದೆ ಹೊಡೆದುಕೊಳ್ಳತೊಡಗಿತು. ಇದು ಹೆದರಿಕೆಯ ಬಡಿತವಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ, ಹೊಟ್ಟೆಯ ಆಳದಲ್ಲಿ ಎಲ್ಲೋ ಶುರುವಾಗಿ ಮೇಲಕ್ಕೆ ಬರುತ್ತದೆ. ನೆತ್ತಿ ಸಿಡಿಯುವಂಥ ನೋವು, ಕೈ ತಣ್ಣಗೆ, ಕುತ್ತಿಗೆಯಿಂದ ಬೆವರು ಹರಿದು ಕೋಟಿನ ಕಾಲರು ಒದ್ದೆಯಾಯಿತು. ಎದ್ದು ಹೋಗಬೇಕೆಂದು ಮೇಜು ಹಿಡಿದಳು, ಕಾಲು ಕೇಳಲಿಲ್ಲ. ಸಾಕು ಏಳಮ್ಮ ನಾಟಕ. ಕೌಂಟರಿನವಳು ಗಾಜಿನ ಬಾಗಿಲಾಚೆ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಳು. ಬೈಂಡಿನವಳು ಆಗಲೇ ಎದ್ದು ಬಂದು, ಕಾಗದದ ಡಬ್ಬ ಬಿಟ್ಟು ತನ್ನ ಬಟ್ಟೆಯ ಕರವಸ್ತ್ರದಿಂದಲೇ ಅವಳ ಹಣೆ ಒರೆಸುತ್ತಿದ್ದಳು. ಕರವಸ್ತ್ರಕ್ಕೆ ಅಂಟಿನ ವಾಸನೆ ಇತ್ತು.

"ತಲೆ ಬಗ್ಗಿಸ್ಬೇಡಿ, ಒರಗಿ ಕೂತ್ಕೊಳ್ಳಿ. ಕಾಲು ಗಂಟೆ ಅಷ್ಟೇ, ತಾನೇ ಹೋಗುತ್ತೆ," ಎಂದಳು, ಇದರಲ್ಲಿ ಪಳಗಿದವಳ ಹಾಗೆ. "ನಮ್ಮಣ್ಣನಿಗೂ ಹಿಂಗೇ ಬರ್ತಿತ್ತು. ಥೇಟು ಹಿಂಗೇ. ಎಲ್ಲಾದ್ರೂ ತೋರಿಸಿದ್ದೀರಾ ನೀವು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಬೈಂಡಿನವಳ ಕಣ್ಣು ಹತ್ತಿರದಲ್ಲಿದ್ದ ಕೋಟಿನ ಜೇಬಿನ ಮೇಲೆ, ಅಲ್ಲಿ ಸಿಕ್ಕಿಸಿದ್ದ ಹೆಸರಿನ ಬಿಲ್ಲೆಯ ಮೇಲೆ ನಿಂತಿತು. ಆಮೇಲೆ ಮೇಜಿನ ಮೇಲಿದ್ದ ಹಾಳೆಯ ಕೆಳತುದಿಗೆ, ಓದಿದವರು ಎಂದು ಹೆಸರು ಅಚ್ಚಾಗಿದ್ದ ಕಡೆಗೆ ಹೋಯಿತು. ಮತ್ತೆ ಬಿಲ್ಲೆಗೆ ಬಂತು. ಕೈ ಮಾತ್ರ ಹಣೆ ಒರೆಸುವುದನ್ನು ನಿಲ್ಲಿಸಲಿಲ್ಲ. ಬಯ್ಯಲಿ, ಕೆನ್ನೆಗೆ ಬಾರಿಸಲಿ ಎಂದು ಅವಳು ಕಣ್ಣು ಮುಚ್ಚಿ ಕಾದಳು. ಬೈಂಡಿನವಳು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅವಳ ತೊಡೆಯ ಮೇಲಿಟ್ಟಳು.

"ಇದು ನಿಮ್ಮ ಹತ್ರಾನೇ ಇರ್ಲಿ," ಎಂದಳು. ಹಾಳೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದಳು. "ರಕ್ತ ಎಲ್ಲಿ ಕೊಡ್ಬೇಕು?"

"ಕೆಳಗೆ. ನಾಲ್ಕನೇ ಮಹಡಿ."

"ಮಕ್ಕಳನ್ನ ಸಂಜೆ ಕರ್ಕೊಂಡು ಬರ್ತೀನಿ," ಎಂದು ಬೈಂಡಿನವಳು ಹೋದಳು.

ಬಡಿತ ಇಳಿದ ಮೇಲೆ ಅವಳು ಲಿಫ್ಟು ಹತ್ತಿ, ಮೇಲಿನ ಮಹಡಿಯಲ್ಲಿದ್ದ ದೊಡ್ಡವರ ಕೋಣೆಗೆ ಹೋದಳು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದ್ದ ದೊಡ್ಡವರು ಗೋಡೆಯ ಪ್ರಮಾಣಪತ್ರಗಳನ್ನು ಒಂದೊಂದಾಗಿ ಇಳಿಸಿ ಕಾಗದದಲ್ಲಿ ಸುತ್ತುತ್ತಿದ್ದರು. ದಾರಿಯುದ್ದಕ್ಕೂ ಅವಳು ಮಾತನ್ನು ಜೋಡಿಸಿಕೊಂಡು ಬಂದಿದ್ದಳು. ಎಲ್ಲವನ್ನೂ ಹೇಳಬೇಕು, ಹಳೆಯ ವರದಿ ತಪ್ಪೆಂದು ಲ್ಯಾಬಿನ ಕಾಗದದ ಮೇಲೆ ಬರೆದು ಆ ಮನೆಗೆ ಕಳಿಸಬೇಕು, ಬೇಕಿದ್ದರೆ ತನ್ನನ್ನು ಕೆಲಸದಿಂದ ತೆಗೆಯಲಿ. ಅವಳು ಹೇಳಿದ್ದನ್ನೆಲ್ಲ ದೊಡ್ಡವರು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡೇ ಕೇಳಿದರು.

"ಹನ್ನೊಂದನ್ನ ಪಟ್ಟಿಯಿಂದ ತೆಗೆದುಬಿಡಿ," ಎಂದರು. "ಆಗ ಹೊಸ ರಿಪೋರ್ಟು ತಾನಾಗೇ ಸರಿಯಾಗಿ ಬರುತ್ತೆ."

"ಹಳೇದು ಸರ್?"

"ಅವತ್ತಿನ ಪಟ್ಟಿಗೆ ಅದು ಸರಿಯಾಗೇ ಇತ್ತಲ್ಲ."

"ಕೊನೇ ಸಾಲು ಪಟ್ಟಿ ಹೇಳಿದ್ದಲ್ಲ ಸರ್. ಅದು ನಾನು ಬರೆದದ್ದು."

"ಸಹಿ ನನ್ನದಿದೆ. ಈಗ ಅದನ್ನ ಕೆದಕಿದ್ರೆ ಬರೀ ನೀವೊಬ್ಬರಲ್ಲ, ಆರು ವರ್ಷದ ರಿಪೋರ್ಟುಗಳೆಲ್ಲ ಮೇಲೆ ಬರ್ತವೆ." ಚೌಕಟ್ಟಿನ ಗಾಜನ್ನು ತೋಳಿನಿಂದ ಒರೆಸಿದರು. "ಹನ್ನೊಂದು ಯಾರು ಅಂತ ನಾವು ನೋಡೋ ಹಾಗೂ ಇಲ್ಲ. ನಿಯಮ."

"ನೀವು ಹನ್ನೆರಡು ಸರ್," ಎಂದಳು ಅವಳು. "ನನ್ನ ಸ್ವೆಟರು ನಿಮ್ಮ ಕೈಲಿತ್ತು."

ದೊಡ್ಡವರು ಚೌಕಟ್ಟನ್ನು ಕೆಳಗಿಟ್ಟರು. ಕಾಗದದ ಸುರುಳಿ ತಾನಾಗಿ ಬಿಚ್ಚಿಕೊಂಡು ಮೇಜಿನಿಂದ ಜಾರಿತು, ಅದನ್ನು ಹಿಡಿಯಲು ಇಬ್ಬರೂ ಕೈ ಚಾಚಲಿಲ್ಲ.

"ಸಹಿ ಹಾಕಿದವತ್ತೇ ಗೊತ್ತಿತ್ತಾ ನಿಮಗೆ?" ಎಂದಳು.

"ನೀವು ಚೆನ್ನಾಗೇ ಇದ್ರಲ್ಲಮ್ಮ," ಎಂದರು ದೊಡ್ಡವರು. ಅದರಲ್ಲಿ ಮೋಸವಿರಲಿಲ್ಲ. ಅವಳು ಆ ದಿನ ಕನ್ನಡಿಯ ಮುಂದೆ ಹೇಳಿಕೊಂಡದ್ದೂ ಇಷ್ಟೇ. ಕಿಟಕಿಯ ಕಡೆ ತಿರುಗಿಕೊಂಡು ಮಾತು ಮುಂದುವರಿಸಿದರು. "ಹನ್ನೊಂದು ಯಾರೇ ಆಗಿರ್ಲಿ, ಎಲ್ಲಾದ್ರೂ ಒಂದು ಸಲ ತೋರಿಸ್ಕೊಳ್ಳೋದು ಒಳ್ಳೇದು. ಮಕ್ಕಳಿದ್ರೆ ಮಕ್ಕಳನ್ನೂ."

"ಒಬ್ಬಳು ಮಗಳಿದ್ದಾಳೆ ಸರ್ ಹನ್ನೊಂದಕ್ಕೆ."

ದೊಡ್ಡವರು ಮತ್ತೊಂದು ಚೌಕಟ್ಟನ್ನು ಗೋಡೆಯಿಂದ ಇಳಿಸಿದರು. ಅವಳು ತನ್ನ ಕುರ್ಚಿಗೆ ಬಂದು ಪಟ್ಟಿ ತೆರೆದಳು. ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಅರ್ಧ ಇನ್ನೂ ಬಾಯಲ್ಲೇ ಉಳಿದಿತ್ತು. ಹಿಂದಿರುಗಿ ಹೋಗಿ ಜಗಳ ಆಡಬಹುದಿತ್ತು, ಇಲ್ಲವೇ ತಾನೇ ಒಂದು ಕಾಗದ ಬರೆದು ಕೊಟ್ಟುಬಿಡಬಹುದಿತ್ತು. ಮಾಡಲಿಲ್ಲ. ಮಾಡಲಾರೆ ಎಂಬುದು ಲಿಫ್ಟಿನಲ್ಲಿ ಇರುವಾಗಲೇ ಅವಳಿಗೆ ಗೊತ್ತಿತ್ತೇನೋ. ಹನ್ನೊಂದರ ಮೇಲೆ ಬೆರಳಿಟ್ಟಾಗ, ಅಳಿಸುವುದು ಖಚಿತವೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದಳು. ಸಾಲು ಮಾಯವಾಗಿ, ಕೆಳಗಿದ್ದ ಹನ್ನೆರಡು ಮೇಲಕ್ಕೆ ಹಾರಿ ಹತ್ತರ ಪಕ್ಕದಲ್ಲಿ ಕೂತಿತು. ಆರೋಗ್ಯವಂತರು ಇಪ್ಪತ್ತಮೂರು ಎಂದು ಲೆಕ್ಕ ತಿದ್ದಿಕೊಂಡಿತು. ಆಮೇಲೆ ಅವಳು ಸಂಜೆಯ ತನಕ ಬೇರೆ ಯಾರದೋ ಅಕ್ಷರಗಳನ್ನು ಓದಿದಳು. ಐದು ಗಂಟೆಗೆ ನಾಲ್ಕನೆಯ ಮಹಡಿಯಲ್ಲಿ ಲಿಫ್ಟು ನಿಂತಾಗ, ಶಾಲೆಯ ಚೀಲ ಹೊತ್ತ ಒಬ್ಬ ಹುಡುಗಿಯೂ ಅವಳಿಗಿಂತ ಚಿಕ್ಕ ಹುಡುಗನೂ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಅಮ್ಮ ಇದ್ದಳೋ ಏನೋ, ಅವಳು ನೋಡಲಿಲ್ಲ. ಬಾಗಿಲು ಮುಚ್ಚುವ ಗುಂಡಿಯನ್ನು ಒತ್ತಿ ಹಿಡಿದಳು.

ಮನೆಗೆ ಬಂದಾಗ ಬಚ್ಚಲುಮನೆಯಲ್ಲಿ ನೀರು ಬೀಳುವ ಸದ್ದು. ಮಗಳ ನಕ್ಷೆಯ ಕೊಳವೆ ಮೂಲೆಗೆ ಒರಗಿತ್ತು. ಚೀಲ ಇಳಿಸಿ ನೇರ ಕಪಾಟಿಗೆ ಹೋದಳು. ಇವತ್ತೇ ಹೇಳಿಬಿಡುತ್ತೇನೆ, ಅವಳು ಸ್ನಾನ ಮುಗಿಸಿ ಬಂದ ತಕ್ಷಣ ಯಂತ್ರವನ್ನು ಎದುರಿಗಿಟ್ಟು, ಮೊದಲು ನನ್ನದು ಅಳೆದು ತೋರಿಸಿ, ಆಮೇಲೆ ಮಾತು ಎತ್ತುತ್ತೇನೆ ಎಂದುಕೊಂಡಳು. ಟವಲುಗಳ ಹಿಂದೆ ಕೈ ಹಾಕಿದಳು. ಪಟ್ಟಿಯ ಕೊಳವೆ ಒಳಗಡೆ ಇತ್ತು. ಬೆಳಿಗ್ಗೆ ಅದನ್ನು ಹೊರಗೆ ಬಿಟ್ಟು ಸುತ್ತಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ನಡುವಿನ ಗುಂಡಿ ಒತ್ತಲು ಹೋದ ಬೆರಳು ಪಕ್ಕಕ್ಕೆ ಸರಿದು, ಆರು ವರ್ಷದಲ್ಲಿ ಒಂದು ಸಲವೂ ಮುಟ್ಟದ ಗುಂಡಿಯನ್ನು ಒತ್ತಿತು. ಯಂತ್ರ ತಾನು ಕಡೆಯ ಸಲ ಅಳೆದದ್ದನ್ನು ತೋರಿಸಿತು. ಅದು ನೂರಾ ನಲವತ್ತೆಂಟು ಇರಬೇಕಾಗಿತ್ತು. ನೂರಾ ಎಂಬತ್ತೊಂದು ಇತ್ತು. ಮತ್ತೊಮ್ಮೆ ಒತ್ತಿದಳು, ನೂರಾ ನಲವತ್ತೆಂಟು. ಅವಳದು. ಮತ್ತೊಮ್ಮೆ, ನೂರಾ ಎಪ್ಪತ್ತೆರಡು. ಅದರ ಹಿಂದೆ ನೂರಾ ನಲವತ್ತನಾಲ್ಕು, ಅವಳದು, ನಿನ್ನೆಯದು. ಅದರ ಹಿಂದೆ ನೂರಾ ಎಪ್ಪತ್ತೊಂಬತ್ತು. ಅದರ ಹಿಂದೆ ಮೊನ್ನೆಯ ನೂರಾ ಐವತ್ತು. ಅವಳು ಒತ್ತುತ್ತಲೇ ಹೋದಳು. ಬೆಳಿಗ್ಗೆಯದೊಂದು, ಅವಳು ಮನೆಯಲ್ಲಿಲ್ಲದ ಹೊತ್ತಿನದೊಂದು, ಮತ್ತೆ ಬೆಳಿಗ್ಗೆಯದೊಂದು. ಯಂತ್ರಕ್ಕೆ ನೆನಪಿದ್ದಷ್ಟು ದೂರವೂ ಹಾಗೇ ಇತ್ತು.

ನೀರು ನಿಂತಿತು. "ಅಮ್ಮಾ, ಬಂದ್ಯಾ? ಟವಲ್ ಕೊಡು, ಮರೆತುಬಂದೆ."

ಅವಳು ಟವಲು ತೆಗೆದುಕೊಂಡು ಹೋದಳು. ಬಾಗಿಲು ಒಂದಿಷ್ಟು ತೆರೆದು ಒದ್ದೆ ಕೈ ಹೊರಬಂತು. ಆ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಟವಲು ಕೊಟ್ಟು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು.

"ನಾಳೆ ನನ್ನ ಜೊತೆ ಲ್ಯಾಬಿಗೆ ಬಾ," ಎಂದಳು.

ಒಳಗಿನಿಂದ ಯಾಕೆ ಎಂದು ಕೇಳಲಿಲ್ಲ. ಬಟ್ಟೆಯ ಸದ್ದೂ ಇಲ್ಲ. ಬಾಗಿಲಿನ ಆಚೆ ಮಗಳು ಟವಲನ್ನು ಎದೆಗೆ ಹಿಡಿದುಕೊಂಡು ನಿಂತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

"ಅಜ್ಜಿಗೂ ಇದೇ ಇತ್ತಾ?" ಎಂದಳು ಮಗಳು.

"ಇತ್ತು."

"ನಿಂಗೂ."

"ಹೂಂ."

"ನಂಗೆ ಮೂರು ತಿಂಗಳಿಂದ, ದಿನಾ ಮಧ್ಯಾಹ್ನ. ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ." ಮಗಳ ದನಿ ಚಿಕ್ಕವಳಾಗಿದ್ದಾಗಿನ ದನಿಯ ಹಾಗಿತ್ತು. "ನಿಂಗೆ ಯಾವತ್ತಿಂದ ಗೊತ್ತಮ್ಮ?"

ಗೋಡೆಯ ತಂಪು ಬೆನ್ನಿಗೆ ತಾಕುತ್ತಿತ್ತು. ಮೂರು ತಿಂಗಳು ಎನ್ನಬಹುದಿತ್ತು, ಇವತ್ತಷ್ಟೇ ತಿಳಿಯಿತು ಎನ್ನಬಹುದಿತ್ತು, ಮಗಳು ನಂಬುತ್ತಿದ್ದಳು.

"ಆರು ವರ್ಷ ಆಯ್ತು," ಎಂದಳು.

ಅವಳು ಕಾದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಆಮೇಲೆ, ಆಗಲೇ ಸ್ನಾನ ಮುಗಿಸಿದ್ದ ಮಗಳು ನಲ್ಲಿಯನ್ನು ಮತ್ತೆ ಪೂರ್ತಿ ತಿರುಗಿಸಿದಳು.